ಬರಿದು ಬಿಡದ ಕ್ಯಾಸೆಟ್ಟು

ರಾಮದುರ್ಗದ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆಗೆ ತಿರುಗಿದರೆ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಜಗುಣಪ್ಪನ ಅಂಗಡಿ. ಬೋರ್ಡು ನೋಡಿದರೆ ಅದು ಅವನದೆಂದು ಯಾರೂ ಹೇಳಲಾರರು. ತೊಂಬತ್ಮೂರರಲ್ಲಿ ಶುರು ಮಾಡಿದಾಗ ನೀಲಿ ತಗಡಿನ ಮೇಲೆ ‘ಕ್ಯಾಸೆಟ್ ಸೆಂಟರ್’ ಎಂದು ಬರೆಸಿದ್ದ. ಸೀಡಿ ಬಂದಾಗ ಅದೇ ತಗಡಿಗೆ ಬಿಳಿ ಬಣ್ಣ ಬಳಿಸಿ ‘ಸೀಡಿ ಸೆಂಟರ್’ ಮಾಡಿದ. ಆ ಬಣ್ಣ ಸರಿಯಾಗಿ ಒಣಗುವುದರೊಳಗೆ ಮೊಬೈಲು ಬಂತು. ಅಣ್ಣನ ಮಗ ಕಲ್ಮೇಶ ಬೈಲಹೊಂಗಲದಲ್ಲಿ ಮೊಬೈಲ್ ರಿಪೇರಿ ಕಲಿತು ಬಂದು, ಒಂದು ಕಂಪ್ಯೂಟರು ಇಟ್ಟುಕೊಂಡು, ಹೊಳೆಯುವ ಹಾಳೆಯ ಹೊಸ ಬೋರ್ಡು ಕಟ್ಟಿಸಿದ. ಅದರಲ್ಲಿ ರಿಚಾರ್ಜು, ರಿಪೇರಿ, ಸಿಮ್ಮು ಎಲ್ಲ ದೊಡ್ಡ ಅಕ್ಷರದಲ್ಲಿದ್ದವು. ಹಾಡು ಎಂಬುದು ತಳದ ಮೂಲೆಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿತ್ತು.

ನಿಜಗುಣಪ್ಪ ಜಗಳ ಮಾಡಲಿಲ್ಲ. ಒಮ್ಮೆ ಬದಲಾದರೆ ಸಿಟ್ಟು ಬರುತ್ತದೆ, ಎರಡನೆಯ ಸಲಕ್ಕೆ ಬೇಜಾರು. ಮೂರನೆಯ ಸಲಕ್ಕೆ ಮನುಷ್ಯ ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕುಳಿತುಬಿಡುತ್ತಾನೆ. ಅವನೂ ಹಾಗೆಯೇ ಕುಳಿತ. ಕೆಲಸ ಹೆಚ್ಚಾದರೆ ದಣಿವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೆಲಸವಿಲ್ಲದೆ ತನ್ನದೇ ಅಂಗಡಿಯ ಮೂಲೆಯಲ್ಲಿ ಕುಳಿತವನ ದಣಿವು ಎಂಥದೆಂದು ಅವರಿಗೇನು ಗೊತ್ತು? ಸಂಜೆ ಮನೆಗೆ ಹೋಗುವಾಗ ಅವನ ಕಾಲುಗಳು ಹೊಲ ಹರಗಿ ಬಂದವನ ಕಾಲಿನಂತೆ ಸೋಲುತ್ತಿದ್ದವು.

ಎದುರಿಗೆ ನಡೆಯುವ ವ್ಯಾಪಾರ ನೋಡಿದರಂತೂ ಇನ್ನಷ್ಟು ಸುಸ್ತು. ಯಾರೋ ಬಂದು ಉಗುರಿನಷ್ಟು ಚಿಪ್ಪನ್ನು ಮೊಬೈಲಿನಿಂದ ಕಿತ್ತು ಕೊಡುತ್ತಿದ್ದರು.

“ಹಾಡ ತುಂಬ್ರಿ.”

“ಯಾವ್ಯಾವು ಬೇಕ್ರಿ?” ಎಂದು ಕಲ್ಮೇಶ ಕೇಳುತ್ತಿದ್ದ.

“ಯಾವಾದ್ರೂ ತುಂಬ್ರಿ. ಹಿಡಿಯೂವಷ್ಟು ತುಂಬ್ರಿ.”

ಗಿರಣಿಯಲ್ಲಿ ತವುಡು ತುಂಬಿಸಿಕೊಳ್ಳುವವರೂ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ ಎಂದು ನಿಜಗುಣಪ್ಪ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ಚಹಾ ತಣ್ಣಗಾಗುವುದರೊಳಗೆ ನೂರಾರು ಹಾಡು ಆ ಚಿಪ್ಪಿನೊಳಗೆ ಇಳಿದುಬಿಡುತ್ತಿದ್ದವು. ಇನ್ನೂ ಜಾಗ ಉಳಿದರೆ ಉಳಿಯಿತು, ಅದರ ಚಿಂತೆ ಕೊಡುವವನಿಗೂ ಇಲ್ಲ, ಒಯ್ಯುವವನಿಗೂ ಇಲ್ಲ.

ಅವನ ಕಾಲದಲ್ಲಿ ಹಾಗಿರಲಿಲ್ಲ. ಖಾಲಿ ಕ್ಯಾಸೆಟ್ಟು ಹಿಡಿದು ಬಂದವರು ಬೆಂಚಿನ ಮೇಲೆ ಕುಳಿತು, ಒಂದೊಂದು ಹಾಡನ್ನೂ ನೆನೆದು, ಹೆಸರು ಗೊತ್ತಿಲ್ಲದಿದ್ದರೆ ಗುನುಗಿ, ಗುನುಗಲು ನಾಚಿಕೆಯಾದರೆ ‘ಅದೇರಿ, ಆಕಿ ನೀರಿಗೆ ಹೋಗ್ತಾಳಲ್ಲ, ಅದು’ ಎಂದು ಕಥೆ ಹೇಳಿ ಆರಿಸುತ್ತಿದ್ದರು. ಒಂದು ಮಗ್ಗುಲಿಗೆ ಅರ್ಧ ತಾಸು ಹಿಡಿಯುತ್ತದೆ. ಆದರೆ ಹಾಡುಗಳೇನು ಗಡಿಯಾರ ನೋಡಿ ಹುಟ್ಟಿರುತ್ತವೆಯೇ? ಎಷ್ಟೇ ಲೆಕ್ಕ ಹಾಕಿ ಜೋಡಿಸಿದರೂ ಪ್ರತಿ ಮಗ್ಗುಲಿನ ಕೊನೆಗೆ ಒಂದಿಷ್ಟು ರೀಲು ಉಳಿದೇ ಉಳಿಯುತ್ತಿತ್ತು. ಬೇರೆ ಅಂಗಡಿಯವರು ಅಲ್ಲಿ ಯಾವುದಾದರೂ ಹಾಡಿನ ಮೊದಲರ್ಧ ಹಾಕಿ, ಕುತ್ತಿಗೆ ಹಿಚುಕಿದಂತೆ ನಡುವೆಯೇ ನಿಲ್ಲಿಸುತ್ತಿದ್ದರು. ನಿಜಗುಣಪ್ಪನಿಗೆ ಅದು ಸೇರುತ್ತಿರಲಿಲ್ಲ. ಮೊದಮೊದಲು ಅವನು ಆ ಜಾಗವನ್ನು ಖಾಲಿಯೇ ಬಿಡುತ್ತಿದ್ದ.

ಅದನ್ನು ತಪ್ಪಿಸಿದವಳು ಸಾಲಹಳ್ಳಿಯ ಗುರುಬಸವ್ವ. ಗಟ್ಟಿ ಹೆಂಗಸು, ಮಾತು ಅದಕ್ಕಿಂತ ಗಟ್ಟಿ. ಭಜನೆಯ ಹಾಡು ತುಂಬಿಸಿಕೊಂಡು ಹೋದವಳು ಮರುವಾರ ಸಂತೆಯ ದಿನ ಅಂಗಡಿಯ ಕಟ್ಟೆ ಹತ್ತಿ ಕ್ಯಾಸೆಟ್ಟನ್ನು ಟೇಬಲ್ಲಿನ ಮೇಲೆ ಇಟ್ಟಳು.

“ಏನಪಾ ನಿಜಗುಣಪ್ಪ, ಕಡೀಕ ಇದು ಬರೇ ಸುಂಯ್ ಅಂತ ಓಡಾಕ ಹತ್ತೇತಿ. ಕೊಟ್ಟ ಬುಟ್ಟಿ ಬರಿದು ಕಳಸ್ತಾರೇನೋ? ನಿಮ್ಮ ಮನ್ಯಾಗ ಹಿರೇರು ಯಾರೂ ಇಲ್ಲೇನು?”

ನಮ್ಮ ಕಡೆ ಅದೊಂದು ಪದ್ಧತಿ. ನೆರೆಮನೆಯವರು ಬುಟ್ಟಿಯಲ್ಲಿ ಏನಾದರೂ ಕೊಟ್ಟು ಕಳಿಸಿದರೆ ಆ ಬುಟ್ಟಿಯನ್ನು ಬರಿದಾಗಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳವನ್ನೋ ಬೆಲ್ಲದ ಚೂರನ್ನೋ ಹಾಕಿಯೇ ಕೊಡಬೇಕು. ನಿಜಗುಣಪ್ಪ ತಲೆ ಕೆರೆದುಕೊಂಡ. ಆಗ ಮಧ್ಯಾಹ್ನದ ಬುತ್ತಿ ತಂದಿದ್ದ ಹೆಂಡತಿ ತಂಗೆವ್ವ ಒಳಗಿನಿಂದ ನಗುತ್ತ ಬಂದಳು.

“ಮೈಕ್ ಹಚ್ಚಿ ಕೊಡ್ರಿ. ಅಕ್ಕನ ಬುಟ್ಟಿ ನಾ ತುಂಬಿಸ್ತೇನಿ,” ಎಂದಳು.

ಬುತ್ತಿಯ ಬುಟ್ಟಿಯನ್ನು ಬೋರಲು ಹಾಕಿ, ಅದರ ತಳದ ಮೇಲೆ ಬೆರಳಿನಿಂದ ತಾಳ ಬಡಿಯುತ್ತ, ಬೀಸುವ ಕಲ್ಲಿನ ಧಾಟಿಯಲ್ಲಿ ಅಲ್ಲೇ ಕಟ್ಟಿದ ಪದ ಹಾಡಿದಳು. ಬೆಳೆ, ದನ, ಸೊಸೆ, ಮೊಮ್ಮಗ ಎಲ್ಲರನ್ನೂ ಸುತ್ತಿ ಬಂದು ಕೊನೆಗೆ ‘ಸಾಲಹಳ್ಳಿ ಗುರುಬಸವ್ವನ ಮನಿ ತುಂಬಿರಲಿ’ ಎಂದು ನಿಲ್ಲಿಸಿದಳು. ನಿಲ್ಲಿಸಿದ್ದಕ್ಕೂ ರೀಲು ಮುಗಿದು ಗುಂಡಿ ಟಕ್ಕೆಂದು ಮೇಲೆ ಜಿಗಿಯುವುದಕ್ಕೂ ಸರಿಹೋಯಿತು. ಗುರುಬಸವ್ವ ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ಹುಡುಗಿಯ ಹಾಗೆ ನಕ್ಕಳು.

ಅಂದಿನಿಂದ ಅದೇ ರೂಢಿಯಾಯಿತು. ತಂಗೆವ್ವ ಬುತ್ತಿ ತರುವ ಹೊತ್ತಿಗೆ ಆ ದಿನದ ಕ್ಯಾಸೆಟ್ಟುಗಳನ್ನು ನಿಜಗುಣಪ್ಪ ಕೊನೆಯವರೆಗೆ ಓಡಿಸಿ ಸಿದ್ಧ ಇಡುತ್ತಿದ್ದ. ಅವಳು ಬುಟ್ಟಿ ಬೋರಲು ಹಾಕಿಕೊಂಡು ಕೂರುತ್ತಿದ್ದಳು. ಎರಡೂ ಮಗ್ಗುಲಿನ ಕೊನೆಯನ್ನು ತುಂಬಿಸಿ, ಒಯ್ಯುವವರ ಮನೆಯ ಹೆಸರು ಹಾಕಿ ಮುಗಿಸುತ್ತಿದ್ದಳು. ರೀಲು ಎಷ್ಟು ಉಳಿದಿದೆ ಎಂದು ಕಣ್ಣಳತೆಯಲ್ಲೇ ನೋಡಿ ಪದವನ್ನು ಎಳೆಯುತ್ತಿದ್ದಳು, ಇಲ್ಲವೇ ಮೊಟಕು ಮಾಡುತ್ತಿದ್ದಳು. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡಿದ್ದಿಲ್ಲ. ಸರಿಯಾಗಿ ಬಂತೋ ಇಲ್ಲವೋ ಎಂದು ಅವನು ತಿರುಗಿಸಿ ಹಚ್ಚಿದರೆ ಮಾತ್ರ ಕಿವಿಯ ಮೇಲೆ ಸೆರಗು ಹೊದ್ದು ಹಿತ್ತಲಿಗೆ ಓಡುತ್ತಿದ್ದಳು. ತನ್ನ ದನಿ ತಾನೇ ಕೇಳುವುದೆಂದರೆ ಅವಳಿಗೆ ಮೈಯೆಲ್ಲ ನಾಚಿಕೆ.

ಹೀಗೆ ಸಾಲಹಳ್ಳಿ, ಸುರೇಬಾನ, ಮುನವಳ್ಳಿ, ಆಚೆ ಸವದತ್ತಿಯ ತನಕ ಎಷ್ಟು ಮನೆಗಳಿಗೆ ಅವಳ ದನಿ ಹೋಯಿತೋ ಲೆಕ್ಕವಿಲ್ಲ. ಕೆಲವರು ಅದನ್ನು ಕೇಳಿ ಹಿಗ್ಗಿದರು. ಕೆಲವರು ಯಾವುದೋ ರೇಡಿಯೋದ ಹೆಂಗಸು ಎಂದುಕೊಂಡರು. ಹೆಚ್ಚಿನವರು ಅಲ್ಲಿಯ ತನಕ ಓಡಿಸದೆ ನಿಲ್ಲಿಸಿಯೇ ಬಿಡುತ್ತಿದ್ದರು. ಬಿಟ್ಟಿ ಸಿಕ್ಕಿದ್ದಕ್ಕೆ ಯಾರು ಕಿವಿ ಕೊಡುತ್ತಾರೆ? ನಿಜಗುಣಪ್ಪನಾದರೂ ಏನು ಮಾಡಿದ? ಮೈಕಿನಿಂದ ನೇರ ಗಿರಾಕಿಯ ಕ್ಯಾಸೆಟ್ಟಿಗೆ ಇಳಿಸಿ ಕಳಿಸಿದ, ಒಂದನ್ನೂ ತನಗೆಂದು ಎತ್ತಿಡಲಿಲ್ಲ. ಹಾಡುವವಳು ಮನೆಯಲ್ಲೇ ಇದ್ದಾಳೆ, ನಾಳೆಯೂ ಬುತ್ತಿ ತರುತ್ತಾಳೆ, ಎತ್ತಿಡುವುದು ಏಕೆ ಎಂಬುದು ಅವನ ಎಣಿಕೆಯಾಗಿತ್ತು.

ಸೀಡಿ ಬಂದ ಮೇಲೆ ಖಾಲಿ ಕ್ಯಾಸೆಟ್ಟು ತರುವವರು ಕಡಿಮೆಯಾದರು. ಸೀಡಿಯ ಕೊನೆಗೆ ಹಾಡಲು ಬರುವುದಿಲ್ಲ, ಅದು ಮುಗಿದಲ್ಲಿಗೆ ಮುಗಿಯಿತು. ತಂಗೆವ್ವ ಬುತ್ತಿ ಕೊಟ್ಟು ಸುಮ್ಮನೆ ತಿರುಗಿ ಹೋಗತೊಡಗಿದಳು. ಆಮೇಲೆ, ಎರಡು ಸಾವಿರದ ಏಳರಲ್ಲಿ, ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಹುಬ್ಬಳ್ಳಿಗೆ ಕರೆದೊಯ್ದು ತೆಗೆಸಿದರು. ಗಡ್ಡೆ ದನಿಯ ನರವನ್ನೇ ಅಪ್ಪಿಕೊಂಡಿತ್ತು, ಜೀವ ಉಳಿಯಬೇಕಾದರೆ ಬೇರೆ ದಾರಿ ಇಲ್ಲ ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಒಣಗಿದ ಎಲೆ ನೆಲಕ್ಕೆ ಉಜ್ಜಿದಂಥ ಪಿಸುಮಾತು. ಒಲೆಯ ಮುಂದೆ ಕುಳಿತು ಅವಳು ಕರೆದರೆ ಪಡಸಾಲೆಯಲ್ಲಿದ್ದ ಅವನಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೆ ತಾಟಿನ ಮೇಲೆ ಚಮಚ ಬಡಿದು ಕರೆಯುವುದನ್ನು ರೂಢಿ ಮಾಡಿಕೊಂಡಳು.

ಇಷ್ಟಾದರೂ ಅವಳು ಅತ್ತವಳಲ್ಲ. ಅತ್ತಿದ್ದರೆ ನಿಜಗುಣಪ್ಪನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಎರಡು ಸಾವಿರದ ಒಂಬತ್ತರ ಸಂಕ್ರಾಂತಿ ಕಳೆದು, ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳು ರೊಟ್ಟಿ ಬಡಿಸುತ್ತ ಕೇಳಿದಳು.

“ನನ್ನ ದನಿ ಹ್ಯಾಂಗಿತ್ತರಿ?”

ಅವನು ತುತ್ತು ಮುರಿಯುತ್ತ ಹೇಳಿದ. “ಚೊಲೋ ಇತ್ತು.”

“ಚೊಲೋ ಅಂದ್ರ ಹ್ಯಾಂಗ? ಸಣ್ಣಾಗಿತ್ತೋ, ದಪ್ಪಿತ್ತೋ? ನಾ ಒಮ್ಮಿನೂ ಕೇಳಲಿಲ್ಲ ನೋಡ್ರಿ. ಈಗ ನೆನಸ್ಕೊಂಡ್ರ ಬರವಲ್ದು.”

ನಿಜಗುಣಪ್ಪ ಕಣ್ಣು ಮುಚ್ಚಿ ಹುಡುಕಿದ. ಊರವರ ಹಾಡು ನೂರಾರು ನೆನಪಿವೆ, ಯಾವ ಹಾಡು ಎಷ್ಟು ನಿಮಿಷ ಎಂಬುದೂ ನೆನಪಿದೆ, ಹೆಂಡತಿಯ ದನಿ ಮಾತ್ರ ನೆನಪಿಗೆ ಬರುತ್ತಿಲ್ಲ. ಎರಡು ವರ್ಷದ ಪಿಸುಮಾತು ಅದರ ಮೇಲೆ ಕುಳಿತುಬಿಟ್ಟಿತ್ತು. ಅವನಿಗೆ ಹೆದರಿಕೆಯಾಯಿತು. ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡು ನೇರ ಅಂಗಡಿಗೆ ನಡೆದ.

“ಕಲ್ಮೇಶ, ತಂಗೆವ್ವನ ಪದಾ ತಗಿಯಪಾ.”

ಕಲ್ಮೇಶ ಬೆಪ್ಪಾಗಿ ನೋಡಿದ. “ಎಲ್ಲಿಂದ ತಗೀಲಿ ಕಾಕಾ?”

“ಅಲ್ಲಿಂದನ. ನೀ ಎಲ್ಲಾರ ಹಾಡೂ ತಗದು ಕೊಡ್ತೀಯಲ್ಲ, ಆ ಡೌನ್‌ಲೋಡಿನಿಂದ. ಎಲ್ಲಾ ಐತಿ ಅಲ್ಲಿ ಅಂತಿದ್ದಿ.”

ಈಗ ಕೇಳಿದವರು ನಗಬಹುದು. ಆದರೆ ತನ್ನ ಕೈಯಿಂದ ಹೋದ ಹಾಡುಗಳೆಲ್ಲ ಒಂದು ದಾರಿಗೆ ಬಿದ್ದು, ಕೊನೆಗೆ ಆ ಕಂಪ್ಯೂಟರಿನ ಹಿಂದೆ ಎಲ್ಲೋ ಕಾಳು ತುಂಬಿಡುವಂಥ ಒಂದು ದೊಡ್ಡ ಹಗೇವಿನಲ್ಲಿ ಶೇಖರವಾಗಿರುತ್ತವೆ ಎಂದೇ ಅವನು ತಿಳಿದಿದ್ದ. ಕ್ಯಾಸೆಟ್ಟಿನ ಹಾಡುಗಳು ಅಲ್ಲಿ ಸಿಗುತ್ತವೆಂದರೆ ಕ್ಯಾಸೆಟ್ಟಿನ ಕೊನೆಯೂ ಸಿಗಲೇಬೇಕಲ್ಲ! ಕಲ್ಮೇಶ ಒಳ್ಳೆಯವನು, ನಗಲಿಲ್ಲ. ಕಾಕಾನ ಸಮಾಧಾನಕ್ಕೆ ‘ತಂಗೆವ್ವ, ರಾಮದುರ್ಗ’ ಎಂದು ಹೊಡೆದು ನೋಡಿದ. ಯಾವುದೋ ಮದುವೆ ಮಂಟಪದ ಫೋಟೋ ಬಂತು, ಒಂದು ಬಸ್ಸಿನ ವೇಳಾಪಟ್ಟಿ ಬಂತು.

“ಯಾರಾರ ಅಲ್ಲಿ ಹಾಕಿದ್ರ ಅಷ್ಟ ಸಿಗತೈತಿ ಕಾಕಾ. ಚಿಗವ್ವನ ಪದಾ ಯಾರು ಹಾಕ್ತಾರ? ಹಳೇ ಕ್ಯಾಸೆಟ್ ಒಂದು ಸಿಕ್ಕರ ತಂದು ಕೊಡ್ರಿ, ಇದರಾಗ ಇಳಿಸಿ ಕೊಡ್ತೇನಿ.”

ಮರುದಿನ ನಿಜಗುಣಪ್ಪ ಸಾಲಹಳ್ಳಿಯ ಬಸ್ಸು ಹಿಡಿದ. ಗುರುಬಸವ್ವ ಕಟ್ಟೆಯ ಮೇಲೆ ಕಡಲೆ ಬಿಡಿಸುತ್ತ ಕುಳಿತಿದ್ದಳು. ವಯಸ್ಸು ಸೊಂಟವನ್ನು ಬಗ್ಗಿಸಿತ್ತು, ಮಾತನ್ನಲ್ಲ. ಅವಳ ಮಡಿಲಲ್ಲಿ ಮೊಮ್ಮಗನ ಮೊಬೈಲು ಭಜನೆ ಹಾಡುತ್ತಿತ್ತು. ನಿಜಗುಣಪ್ಪ ಬಂದ ಕಾರಣ ಹೇಳಿದ.

“ಅಯ್ಯ, ಅವನ್ನೆಲ್ಲಾ ನಿಮ್ಮ ಅಂಗಡಿಗೇ ಕೊಟ್ನೆಲ್ಲೋ,” ಎಂದಳು ಅವಳು. “ಹಳೇ ಕ್ಯಾಸೆಟ್ ಕೊಟ್ರ ಅವೇ ಹಾಡು ಚಿಪ್ಪಿನ್ಯಾಗ ಹಾಕಿ ಕೊಡ್ತೇನಿ ಅಂದಾ ನಿಮ್ಮ ಕಲ್ಮೇಶ. ಹಾಡೇನೋ ಎಲ್ಲಾ ಬಂದಾವ. ನಿನ್ನ ಹೇಣ್ತಿ ಬರಲಿಲ್ಲ. ನಾನೂ ಕೇಳಿದ್ನೆಪಾ, ನಮ್ಮ ತಂಗೆವ್ವ ಎಲ್ಲಿ ಅಂತ. ಅದು ಕಂಪನಿ ಹಾಡಲ್ಲವ್ವ, ಅದಕ್ಕ ಬರಂಗಿಲ್ಲ ಅಂದಾ.”

ನಿಜಗುಣಪ್ಪ ಕಟ್ಟೆಯ ಮೇಲೆ ಕುಳಿತ. ಈಗ ಎಲ್ಲವೂ ಅವನ ನೆನಪಿಗೆ ಬಂತು. ಗುರುಬಸವ್ವ ಒಬ್ಬಳೇ ಅಲ್ಲ, ಹಿಂದಿನ ಒಂದು ವರ್ಷದಲ್ಲಿ ಹಳ್ಳಿ ಹಳ್ಳಿಯ ಜನ ಕ್ಯಾಸೆಟ್ಟು ತಂದು ಕೊಟ್ಟು ಚಿಪ್ಪು ತುಂಬಿಸಿಕೊಂಡು ಹೋಗಿದ್ದರು. ಕಲ್ಮೇಶ ಕ್ಯಾಸೆಟ್ಟಿನ ಮೇಲಿನ ಹೆಸರು ಓದಿ, ಅದೇ ಹಾಡನ್ನು ಕಂಪ್ಯೂಟರಿನಿಂದ ಹೊಸದಾಗಿ ಇಳಿಸಿ ಕೊಡುತ್ತಿದ್ದ. ಹಳೆಯದನ್ನು ಹಚ್ಚಿ ನೋಡುವ ಗೋಜೇ ಇರಲಿಲ್ಲ. ಕ್ಯಾಸೆಟ್ಟುಗಳು ಚೀಲ ತುಂಬಿ ಹಿಂದಿನ ಕೋಣೆಯಲ್ಲಿ ಬಿದ್ದಿದ್ದವು. ದೀಪಾವಳಿಯ ಮುಂದೆ ಅಂಗಡಿ ಸ್ವಚ್ಛ ಮಾಡುವಾಗ ಸುರೇಬಾನದ ಸತ್ಯಪ್ಪ ಬಂದು, ಜೋಳದ ಹೊಲಕ್ಕೆ ಹಕ್ಕಿ ಕಾಯಲು ರೀಲು ಬೇಕಿತ್ತು ಎಂದು ಕೇಳಿದ್ದ. ಕೊಟ್ಟವನು ಕಲ್ಮೇಶನಲ್ಲ. ‘ಎಲ್ಲಾ ಒಯ್ಯಿ ಮಾರಾಯ, ನೋಡಿ ನೋಡಿ ಸಾಕಾಗೇತಿ’ ಎಂದು ಚೀಲಗಳನ್ನು ನಿಜಗುಣಪ್ಪ ತಾನೇ ಎತ್ತಿ ಸತ್ಯಪ್ಪನ ಸೈಕಲ್ಲಿಗೆ ಕಟ್ಟಿದ್ದ.

ಅವನಿಗೆ ತನ್ನ ಮೇಲೆ ಸಿಟ್ಟು ಸಹ ಬರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಕಸುವು ಬೇಕು. ಗುರುಬಸವ್ವ ಕೊಟ್ಟ ನೀರು ಕುಡಿದು ಸುರೇಬಾನದ ದಾರಿ ಹಿಡಿದ.

ಸತ್ಯಪ್ಪನ ಹೊಲ ಊರ ಹೊರಗೆ ಎರೆ ಭೂಮಿಯಲ್ಲಿತ್ತು. ಜೋಳ ಹಾಲುಗಾಳಾಗಿ ತೆನೆ ಬಾಗಿದ್ದವು. ಹೊಲದ ಉದ್ದಗಲಕ್ಕೂ ಗೂಟ ನೆಟ್ಟು ಕಂದು ರೀಲುಗಳನ್ನು ಬಿಗಿದಿದ್ದರು. ಬಿಸಿಲಿಗೆ ಅವು ಮಿಂಚುತ್ತಿದ್ದವು, ಗಾಳಿ ಬಂದಾಗ ಇಡೀ ಹೊಲ ಗುಂಯ್‌ಗುಡುತ್ತಿತ್ತು. ನಿಜಗುಣಪ್ಪ ಬದುವಿನ ಮೇಲೆ ನಿಂತು ಕೇಳಿದ. ತಾನು ಹತ್ತಾರು ವರ್ಷ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಟೇಪಿನ ಹೆಡ್ಡು ಒರೆಸಿ, ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಿ, ಒಂದೂ ಅಕ್ಷರ ಕೆಡದಂತೆ ತುಂಬಿಸಿದ ಹಾಡುಗಳೆಲ್ಲ ಅಲ್ಲಿ ಒಂದೇ ಸದ್ದಾಗಿದ್ದವು.

“ಒಂದ ಹಕ್ಕಿ ಬಂದಿಲ್ಲ ನೋಡ್ರಿ!” ಎಂದು ಸತ್ಯಪ್ಪ ಹೆಮ್ಮೆಯಿಂದ ಎದುರಿಗೆ ಬಂದ. “ನಿಮ್ಮ ಹಾಡು ಭಾರೀ ಕೆಲಸ ಮಾಡ್ಯಾವ ಈ ವರ್ಷ.”

ನಿಜಗುಣಪ್ಪ ನಕ್ಕ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಸತ್ಯಪ್ಪ ಗಾಬರಿಯಾಗಿ ಅವನನ್ನು ಹೊಲದ ಅಂಚಿನ ಮನೆಗೆ ಕರೆದೊಯ್ದು ಚಾಪೆ ಹಾಸಿ ಕೂರಿಸಿದ. ವಿಷಯ ಕೇಳಿದ ಮೇಲೆ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. ಅವನ ಹೆಂಡತಿ ರಾಯವ್ವ ಮಾತ್ರ ಎದ್ದು ಒಳಗೆ ಹೋಗಿ, ಮಂಚದ ಕೆಳಗಿನಿಂದ ಒಂದು ಬಿದಿರು ಬುಟ್ಟಿ ಎಳೆದು ತಂದಳು. ಅದರ ತುಂಬ ರೀಲು ಎಳೆದು ಮುಗಿಸಿದ ಕ್ಯಾಸೆಟ್ಟಿನ ಡಬ್ಬಿಗಳು.

“ಹುಡುಗೂರು ಆಡಾಕ ಬೇಕಂತಾವ ಅಂತ ಇಟ್ಟಿದ್ನಿರಿ,” ಎಂದಳು. “ಆದ್ರ ಇವು ಪೂರಾ ಬರಿದಲ್ಲ. ಎಲ್ಲಾದ್ರಾಗೂ ತಳದಾಗ ಒಂದೀಟ ಬಿಟ್ಟೇನಿ.”

“ಯಾಕ ಬಿಟ್ಟಿ ತಂಗಿ?”

ರಾಯವ್ವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಕಣಜದಾಗಿನ ಕಾಳು ತಗದ್ರೂ ತಳಾ ಬಳೀತೀವೇನ್ರಿ? ತುಂಬಿದ ಡಬ್ಬಿ ಬರಿದು ಮಾಡಬಾರ್ದ್ರಿ. ಅದಕ್ಕ ಬಿಟ್ಟೆ.”

ನಿಜಗುಣಪ್ಪ ಒಂದು ಡಬ್ಬಿ ಎತ್ತಿ ಬೆಳಕಿಗೆ ಹಿಡಿದ. ಹಲ್ಲಿನ ಚಕ್ರಕ್ಕೆ ಬೆಂಕಿಕಡ್ಡಿಯಷ್ಟು ದಪ್ಪ ರೀಲು ಇನ್ನೂ ಸುತ್ತಿಕೊಂಡಿತ್ತು. ಚಕ್ರದ ತಳಕ್ಕೆ ಅಂಟಿಕೊಂಡಿರುವುದು ಯಾವಾಗಲೂ ಒಂದು ಮಗ್ಗುಲಿನ ಕೊನೆ. ಎಡಗಡೆಯ ಚಕ್ರವಾದರೆ ಮೊದಲ ಮಗ್ಗುಲಿನದು, ಬಲಗಡೆಯದಾದರೆ ಎರಡನೆಯದು. ಎರಡೂ ಮಗ್ಗುಲಿನ ಕೊನೆಯಲ್ಲಿ ಇದ್ದವಳು ತಂಗೆವ್ವ. ಹಾಡುಗಳೆಲ್ಲ ಹೊಲಕ್ಕೆ ಹೋಗಿದ್ದವು. ಅವನಿಗೆ ಬೇಕಾದದ್ದು ಬುಟ್ಟಿಯಲ್ಲಿ ಉಳಿದಿತ್ತು.

ಅವನು ಎದ್ದು ರಾಯವ್ವನಿಗೆ ಕೈ ಮುಗಿದ. “ನನಗ್ಯಾಕ ಮುಗೀತೀರಿ?” ಎಂದು ಅವಳು ಹಿಂದೆ ಸರಿದಳು.

ಬುಟ್ಟಿ ಸಮೇತ ಮನೆಗೆ ಬಂದವನು ಆಮೇಲಿನ ನಾಲ್ಕಾರು ದಿನ ಅಂಗಡಿಗೆ ಹೋಗಲಿಲ್ಲ. ಪಡಸಾಲೆಯ ಕಿಟಕಿಯ ಕೆಳಗೆ ಕುಳಿತು ಒಂದೊಂದು ಡಬ್ಬಿಯ ತಿರುಪು ಬಿಚ್ಚಿ, ಉಳಿದ ರೀಲನ್ನು ಬಿಡಿಸಿ, ಬ್ಲೇಡಿನಿಂದ ತುದಿ ಕತ್ತರಿಸಿ, ಒಂದಕ್ಕೊಂದು ಅಂಟಿಸಿ ಹೊಸ ಕ್ಯಾಸೆಟ್ಟಿಗೆ ಸುತ್ತಿದ. ಕೆಲವನ್ನು ಇಲಿ ಕಡಿದಿತ್ತು, ಕೆಲವು ಬೂಸಲು ಹಿಡಿದಿದ್ದವು, ಬೇರೆ ಅಂಗಡಿಯವೂ ನಡುವೆ ಸೇರಿಕೊಂಡಿದ್ದವು. ಕುತ್ತಿಗೆ ಹಿಚುಕಿದ ಹಾಡಿನ ಅವುಗಳನ್ನು ಡಬ್ಬಿಯ ಚೀಟಿ ನೋಡಿದೊಡನೆ ಬದಿಗೆ ಎಸೆಯುತ್ತಿದ್ದ. ತಂಗೆವ್ವ ಬಂದು ಬಂದು ನೋಡಿ ಹೋಗುತ್ತಿದ್ದಳು. ಏನೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅರ್ಧಂಬರ್ಧ ಹೇಳಿ ಕೊನೆಗೆ ಏನೂ ಬಾರದಿದ್ದರೆ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಮುಗಿದ ದಿನ ಮಧ್ಯಾಹ್ನ ಹಳೆಯ ಟೇಪ್ ರಿಕಾರ್ಡರನ್ನು ನಡುಮನೆಯಲ್ಲಿ ಇಟ್ಟು ಅವಳನ್ನು ಕರೆದ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಅದನ್ನು ಹಿಡಿದುಕೊಂಡೇ ಬಂದು ಕುಳಿತಳು. ಅವನು ಗುಂಡಿ ಒತ್ತಿದ. ಸುಂಯ್ ಎಂದಿತು. ಆಮೇಲೆ ಪದದ ನಡುವಿನಿಂದ, ಅರ್ಧ ಶಬ್ದದಿಂದಲೇ, ಒಂದು ತುಂಬು ದನಿ ಮನೆಯೊಳಗೆ ಬಂತು. ‘...ಮುನವಳ್ಳಿ ಮಡಿವಾಳೆಪ್ಪನ ಮನಿ ತುಂಬಿರಲಿ.’ ಟಕ್. ಮತ್ತೆ ಸುಂಯ್. ‘...ಸುರೇಬಾನ ಹಣಮಂತಪ್ಪನ ಮನಿ ತುಂಬಿರಲಿ.’

ಇದೇ, ಇದೇ ದನಿ ಎಂದು ನಿಜಗುಣಪ್ಪನ ಮೈ ಝುಂ ಎಂದಿತು. ಅವನು ತಂಗೆವ್ವನ ಕಡೆ ನೋಡಿದ. ಅವಳು ಹುಬ್ಬು ಗಂಟಿಕ್ಕಿಕೊಂಡು ಕೇಳುತ್ತಿದ್ದಳು.

“ಇದು ನಾನಲ್ಲರಿ,” ಎಂದು ಪಿಸುಗುಟ್ಟಿದಳು.

“ನೀನ!”

“ಅಲ್ಲ. ಯಾವುದೋ ಹರೇದ ಹುಡುಗಿ. ನನ್ನ ದನಿ ಹೀಂಗಿರಲಿಲ್ಲ.”

ನಿಜಗುಣಪ್ಪನಿಗೆ ಸಾಲಹಳ್ಳಿ, ಸುರೇಬಾನ ತಿರುಗಿದ ದಣಿವು, ನಾಲ್ಕಾರು ದಿನ ಬಗ್ಗಿ ಕುಳಿತ ದಣಿವು, ಮೂರು ಬೋರ್ಡು ಬದಲಿಸಿದ ದಣಿವು ಎಲ್ಲ ಒಮ್ಮೆಲೇ ಹೆಗಲ ಮೇಲೆ ಬಂದು ಕುಳಿತಂತಾಯಿತು. ಟೇಪು ತನ್ನಷ್ಟಕ್ಕೆ ಓಡುತ್ತಿತ್ತು. ಒಂದು ಮನೆ ಮುಗಿದು ಇನ್ನೊಂದು ಮನೆ ಬರುತ್ತಿತ್ತು. ಅವನು ಆರಿಸೋಣವೆಂದು ಕೈ ಮುಂದೆ ಮಾಡಿದಾಗ ತಂಗೆವ್ವ ಅವನ ಮುಂಗೈ ಹಿಡಿದಳು.

“ತಡೀರಿ.”

ಪದದ ಹಿಂದೆ, ಬುಟ್ಟಿಯ ತಳದ ಮೇಲೆ ತಾಳ ಬಡಿಯುವ ಸದ್ದಿತ್ತು. ಪ್ರತಿ ತಾಳಕ್ಕೂ ಬಳೆಗಳು ಒಂದರ ಮೇಲೊಂದು ಬಿದ್ದು ಕಿಣಿಕಿಣಿ ಎನ್ನುತ್ತಿದ್ದವು. ಎರಡು ತಾಳ ಬಡಿದು, ಒಂದನ್ನು ಬಿಟ್ಟು, ಮತ್ತೆ ಎರಡು. ಅವಳು ಮೊರವನ್ನು ಕೆಳಗಿಟ್ಟು ತನ್ನ ಕೈಯನ್ನೇ ನೋಡಿಕೊಂಡಳು. ಬೆರಳುಗಳು ತಾವಾಗಿ ಮೊರದ ಅಂಚಿನ ಮೇಲೆ ಬಡಿಯತೊಡಗಿದವು. ಎರಡು ಬಡಿದು, ಒಂದನ್ನು ಬಿಟ್ಟು, ಮತ್ತೆ ಎರಡು.

“ಬಳಿ ನನ್ನವ ಅದಾವರಿ,” ಎಂದಳು. ಅಲ್ಲಿಯ ತನಕ ಅಳದವಳು ಆಗ ಅತ್ತಳು. ಅಳುವಿಗೂ ದನಿ ಇರಲಿಲ್ಲ, ಹೆಗಲು ಮಾತ್ರ ಅಲುಗುತ್ತಿದ್ದವು. ಅವನೂ ಅತ್ತ. ಟೇಪಿನೊಳಗಿನ ಹರೆಯದ ಹುಡುಗಿ ಯಾರ ಯಾರದೋ ಮನೆ ತುಂಬಿಸುತ್ತಲೇ ಇದ್ದಳು.

ಎಲ್ಲ ಕೇಳಿ ಮುಗಿದ ಮೇಲೆ ತಂಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಊರಾಗಿನವ್ರ ಮನೀ ಹೆಸರೆಲ್ಲಾ ಬಂದ್ವು. ನಮ್ಮ ಮನೀದು ಒಂದೂ ಇಲ್ಲೇನು?”

“ನಾವು ಕ್ಯಾಸೆಟ್ ತುಂಬಿಸ್ಕೊಳ್ಳಾಕ ಯಾರ ಅಂಗಡಿಗೆ ಹೋಗಿದ್ವಿ?” ಎಂದ ನಿಜಗುಣಪ್ಪ. ಹೇಳಿದ ಮೇಲೆ ತನ್ನ ಮಾತು ತನಗೇ ಚುಚ್ಚಿತು.

ಕ್ಯಾಸೆಟ್ಟಿನಲ್ಲಿ ಇನ್ನೊಂದಿಷ್ಟು ರೀಲು ಖಾಲಿ ಉಳಿದಿತ್ತು. ಇಬ್ಬರೂ ಅದನ್ನು ನೋಡಿದರು. ನಿಜಗುಣಪ್ಪ ಎದ್ದು ಅಟ್ಟದ ಮೇಲಿನಿಂದ ಹಳೆಯ ಮೈಕು ಇಳಿಸಿ, ಧೂಳು ಒರೆಸಿ, ಹಚ್ಚಿ ಅವಳ ಮುಂದೆ ಇಟ್ಟ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಅವನು ರಾಯವ್ವನ ಬುಟ್ಟಿಯನ್ನು ತಂದು ಅವಳ ಮುಂದೆ ಬೋರಲು ಹಾಕಿದ. ತಂಗೆವ್ವ ಅದರ ತಳವನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಉಳಿದ ರೀಲನ್ನು ಕಣ್ಣಳತೆಯಲ್ಲಿ ಅಳೆದು ಬುಟ್ಟಿಯ ಮೇಲೆ ಕೈ ಇಟ್ಟಳು. ಅವನು ಗುಂಡಿ ಒತ್ತಿದ. ಅವಳ ಬಾಯಿ ಅಲುಗಿತು, ಬೆರಳು ತಾಳ ಹಾಕಿದವು. ಎದುರಿಗೇ ಕುಳಿತ ಅವನಿಗೂ ಪದ ಪೂರ್ತಿ ಕೇಳಿಸಲಿಲ್ಲ. ಆದರೆ ಕೊನೆಗೆ ತುಟಿಗಳು ಯಾವ ಮನೆಯ ಹೆಸರು ಹಿಡಿದವು ಎಂಬುದು ಅವನಿಗೆ ಕಂಡಿತು. ಪದ ನಿಂತದ್ದಕ್ಕೂ ಗುಂಡಿ ಮೇಲೆ ಜಿಗಿದದ್ದಕ್ಕೂ ಸರಿಹೋಯಿತು.

ರಾಯವ್ವನ ಬುಟ್ಟಿಯನ್ನು ಬೆಲ್ಲ ತುಂಬಿ ಮರಳಿಸಿದ ಮೇಲೆ ನಿಜಗುಣಪ್ಪ ಕ್ಯಾಸೆಟ್ಟನ್ನು ಅಂಗಡಿಗೆ ಒಯ್ದ. ರೀಲು ಹಳೆಯದು, ಅಂಟು ಯಾವಾಗ ಬಿಡುತ್ತದೋ ಹೇಳಲಾಗದು. ಚಿಪ್ಪಿನಲ್ಲಿ ಇದ್ದರೆ ಇರಲಿ ಎಂದು ಅವನಿಗೂ ಅನ್ನಿಸಿತ್ತು. ಕಲ್ಮೇಶ ವೈರು ಜೋಡಿಸಿ ಶ್ರದ್ಧೆಯಿಂದ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ. ಪರದೆಯ ಮೇಲೆ ದನಿ ಬಂದಲ್ಲೆಲ್ಲ ಹಸಿರು ಗೆರೆ ಎದ್ದು ಬೀಳುತ್ತಿತ್ತು. ಕೊನೆಗೆ ಬಂದಾಗ ಗೆರೆ ನೆಲಕ್ಕೆ ಅಂಟಿಕೊಂಡು, ನಡುನಡುವೆ ಮುಳ್ಳಿನಂತೆ ಸಣ್ಣಗೆ ಎದ್ದಿತು.

“ಕಾಕಾ, ಕಡೀಕ ಖಾಲಿ ಐತಿ. ಏನೂ ಇಲ್ಲ, ಬರೇ ಟಕ್ ಟಕ್ ಅಂತೈತಿ,” ಎಂದು ಕಲ್ಮೇಶ ಮೌಸಿನ ಮೇಲೆ ಬೆರಳಿಟ್ಟ. “ಇಷ್ಟು ಕತ್ತರಸ್ಲೇನು?”

“ಬ್ಯಾಡಪಾ, ಬಿಡು,” ಎಂದ ನಿಜಗುಣಪ್ಪ. “ಅದು ನಮ್ಮ ಮನೀದು.”

ಕಲ್ಮೇಶನಿಗೆ ಅರ್ಥವಾಗಲಿಲ್ಲ. ಆದರೂ ಮೌಸಿನ ಮೇಲಿನಿಂದ ಕೈ ತೆಗೆದ.